ಅಂಕವನ್ನು ಕೊನೆಯ ವಾರಕ್ಕೆ ತಳ್ಳುವುದು ಹೇಗೆ?

ಅಸೈನ್‌ಮೆಂಟ್ ತಿದ್ದಿ ಮರಳಿಸುವ ದಿನ ತರಗತಿಯನ್ನೊಮ್ಮೆ ಗಮನಿಸಿ. ಹಾಳೆ ಕೈಗೆ ಬಂದೊಡನೆ ಎಲ್ಲರ ಕಣ್ಣೂ ಕೆಂಪು ಶಾಯಿಯ ಅಂಕಿಯನ್ನು ಹುಡುಕುತ್ತದೆ. ನಂತರ ಪಕ್ಕದವರ ಹಾಳೆಯತ್ತ ಒಂದು ನೋಟ. ‘ಅವಳಿಗೆ ಎಂಟು, ನನಗೇಕೆ ಏಳು ಸರ್?’ ರಾತ್ರಿ ಹನ್ನೊಂದರವರೆಗೆ ಕುಳಿತು ಅಂಚಿನಲ್ಲಿ ನಾನು ಬರೆದ ನಾಲ್ಕು ಸಾಲುಗಳ ಬಗ್ಗೆ ಯಾರೂ ಕೇಳುವುದಿಲ್ಲ. ಧಾರವಾಡದ ಪದವಿ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ನಾನು ವರ್ಷಗಟ್ಟಲೆ ಇದನ್ನೇ ನೋಡಿ, ಕೊನೆಗೆ ಸೆಮಿಸ್ಟರಿನ ನಡುವೆ ಅಂಕ ಕೊಡುವುದನ್ನೇ ನಿಲ್ಲಿಸಿದೆ.

ಇದು ಹುಚ್ಚು ಸಾಹಸವೇನಲ್ಲ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಬರೀ ಟಿಪ್ಪಣಿ, ಕೆಲವರಿಗೆ ಬರೀ ಅಂಕ, ಉಳಿದವರಿಗೆ ಎರಡನ್ನೂ ಕೊಡಲಾಗಿತ್ತು. ಆಸಕ್ತಿಯೂ ಕೆಲಸವೂ ಸುಧಾರಿಸಿದ್ದು ಬರೀ ಟಿಪ್ಪಣಿ ಪಡೆದವರಲ್ಲಿ. ಅಂಕ ಜೊತೆಗೆ ಬಂದಾಗ ಟಿಪ್ಪಣಿಯ ಫಲ ಕರಗಿಹೋಯಿತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಎವರ್‌ಗ್ರೀನ್ ಕಾಲೇಜಂತೂ 1971ರಲ್ಲಿ ಬಾಗಿಲು ತೆರೆದಾಗಿನಿಂದಲೂ ಅಂಕದ ಬದಲು ಬರಹದ ಮೌಲ್ಯಮಾಪನವನ್ನೇ ನೆಚ್ಚಿಕೊಂಡಿದೆ. ನಮಗೆ ಅಷ್ಟು ಸ್ವಾತಂತ್ರ್ಯವಿಲ್ಲ. ಇರುವಷ್ಟರಲ್ಲಿ ಏನು ಮಾಡಬಹುದು?

ಮೊದಲು, ನಿಮ್ಮ ಕೈಯಲ್ಲಿ ಎಷ್ಟಿದೆ ನೋಡಿ

ಈಗಿನ ರಾಜ್ಯ ಶಿಕ್ಷಣ ನೀತಿಯ ಪಠ್ಯಕ್ರಮದಲ್ಲಿ ಬಹುತೇಕ ಪತ್ರಿಕೆಗಳಿಗೆ 80 ಅಂಕ ವಿಶ್ವವಿದ್ಯಾಲಯದ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ನಮ್ಮ ಆಟವೆಲ್ಲ ಆ ಇಪ್ಪತ್ತರ ಒಳಗೆ. ಅದರಲ್ಲೂ ಕಿರುಪರೀಕ್ಷೆಗೆ ಇಷ್ಟು ಎಂದು ಪಠ್ಯಕ್ರಮದಲ್ಲಿ ಹೇಳಿದ್ದರೆ ಅದನ್ನು ಮುಟ್ಟಬೇಡಿ. ಉಳಿದದ್ದನ್ನು ಹೀಗೆ ಮಾಡುತ್ತೇನೆಂದು ಒಂದು ಪುಟ ಬರೆದು, ವಿಭಾಗದ ಮುಖ್ಯಸ್ಥರಿಗೂ ಪ್ರಾಂಶುಪಾಲರಿಗೂ ಕೊಟ್ಟು, ಪ್ರತಿಯ ಮೇಲೆ ಸಹಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆಗೆ ಆಯುಷ್ಯ ಕಡಿಮೆ.

ನಿಯಮಗಳನ್ನು ತರಗತಿಯಲ್ಲೇ ಬರೆಯಿರಿ

ಮೊದಲ ವಾರದ ಒಂದು ತಾಸನ್ನು ಇದಕ್ಕೇ ಮೀಸಲಿಡಿ. ‘ನಿಮಗೆ ಯಾವಾಗ ಬರೆಯಲು ಆಗುವುದಿಲ್ಲ?’ ಎಂದು ಕೇಳಿ ನೋಡಿ. ನವಲಗುಂದದ ಕಡೆಯವರು ಹೊಲದಲ್ಲಿ ಹೆಸರುಕಾಯಿ ಬಿಡಿಸುವ ದಿನಗಳನ್ನು ಹೇಳುತ್ತಾರೆ, ಕಲಘಟಗಿಯವರು ಸಂಜೆಯ ಕೊನೆಯ ಬಸ್ಸನ್ನು. ಹುಬ್ಬಳ್ಳಿಯ ಅಂಗಡಿಯಲ್ಲಿ ಅರ್ಧ ದಿನ ದುಡಿದು ಚಿಗರಿ ಬಸ್ಸಿನಲ್ಲಿ ಬರುವ ಹುಡುಗ ಏನೂ ಹೇಳದೆ ಸುಮ್ಮನಿರುತ್ತಾನೆ. ಅವನನ್ನು ಆಮೇಲೆ ಪ್ರತ್ಯೇಕವಾಗಿ ಕೇಳಿ.

ನನ್ನ ತರಗತಿಯಲ್ಲಿ ಹೀಗೆ ಹುಟ್ಟಿದ ನಿಯಮ: ಪ್ರತಿಯೊಬ್ಬರಿಗೂ ಎರಡು ‘ತಡದ ಚೀಟಿ’. ಒಂದು ಚೀಟಿಗೆ ಒಂದು ವಾರ. ಕಾರಣ ಹೇಳಬೇಕಿಲ್ಲ. ಇದರಿಂದ ನನಗಾದ ದೊಡ್ಡ ಲಾಭವೆಂದರೆ, ತೀರಿಹೋದ ಅಜ್ಜಿಯಂದಿರ ಸಂಖ್ಯೆ ಒಮ್ಮೆಲೇ ಇಳಿಯಿತು. ಹಾಜರಿಯ 75 ಶೇಕಡಾ ನಿಯಮ ಮಾತ್ರ ನಮ್ಮ ಕೈಯಲ್ಲಿಲ್ಲ ಎಂಬುದನ್ನು ಅದೇ ದಿನ ಸ್ಪಷ್ಟವಾಗಿ ಹೇಳಿಬಿಡಿ.

ಎರಡೇ ಷರಾ: ‘ಆಯಿತು’, ‘ಇನ್ನೂ ಆಗಬೇಕು’

ಒಳ್ಳೆಯ ಕೆಲಸವೆಂದರೆ ಏನು ಎಂಬುದನ್ನು ನಾಲ್ಕು ಸಾಲಿನಲ್ಲಿ ಮೊದಲೇ ಕೊಡಿ: ಸ್ವಂತ ಮಾತಿನಲ್ಲಿರಬೇಕು, ಎರಡು ಆಧಾರಗಳಿರಬೇಕು, ಒಂದು ಪ್ರಶ್ನೆಗೆ ಉತ್ತರ ಹುಡುಕಿರಬೇಕು, ನಾಲ್ಕು ಪುಟ ದಾಟಬಾರದು. ಅಷ್ಟೂ ಇದ್ದರೆ ‘ಆಯಿತು’. ಇಲ್ಲದಿದ್ದರೆ ತಿದ್ದಿ ತರಬೇಕು. ಸಂಗೀತ ಕಲಿಸುವ ಗುರುಗಳು ಹತ್ತಕ್ಕೆ ಆರು ಎನ್ನುವುದಿಲ್ಲ, ತಪ್ಪಿದ ತಾನವನ್ನು ಮತ್ತೊಮ್ಮೆ ಹಾಡಿಸುತ್ತಾರೆ. ಹಿಂದೂಸ್ತಾನಿ ಸಂಗೀತಕ್ಕೆ ಹೆಸರಾದ ಕುಂದಗೋಳ, ಗದಗುಗಳ ನೆರೆಯಲ್ಲಿರುವ ನಮಗೆ ಇದನ್ನು ಯಾರೂ ಹೊರಗಿನಿಂದ ಬಂದು ಹೇಳಿಕೊಡಬೇಕಿಲ್ಲ.

ಟಿಪ್ಪಣಿ ಬರೆಯುವುದೇ ಇಲ್ಲಿ ಕಷ್ಟದ ಕೆಲಸ. ‘ಚೆನ್ನಾಗಿದೆ’, ‘ಇನ್ನಷ್ಟು ಪ್ರಯತ್ನಿಸಿ’ ಎಂಬವು ಟಿಪ್ಪಣಿಗಳಲ್ಲ, ಆಶೀರ್ವಾದಗಳು. ಹಾವೇರಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವರ ಬಗ್ಗೆ ಬರೆದಿದ್ದಳು. ನಾನು ಬರೆದದ್ದು ಇಷ್ಟು: ‘1943ರಲ್ಲಿ ಹೊಸರಿತ್ತಿಯಲ್ಲಿ ಗುಂಡೇಟಿಗೆ ಅವರು ಬಲಿಯಾದದ್ದನ್ನು ಕಣ್ಣಿಗೆ ಕಟ್ಟುವಂತೆ ಹೇಳಿದ್ದೀರಿ. ಆದರೆ ಅವರು ಕಂದಾಯದ ಹಣವನ್ನೇ ಏಕೆ ಗುರಿಯಾಗಿಸಿದರು? ರೈತರ ಮೇಲಿನ ಹೊರೆಯ ಬಗ್ಗೆ ಒಂದು ಪುಟ ಸೇರಿಸಿ ತನ್ನಿ.’ ಸರಿಯಾದದ್ದು ಒಂದು, ಕೇಳಬೇಕಾದ ಪ್ರಶ್ನೆ ಒಂದು, ಮುಂದಿನ ಕೆಲಸ ಒಂದು. ಆಕೆ ತಂದದ್ದು ಒಂದಲ್ಲ, ಮೂರು ಪುಟ. ನಾಲ್ಕು ಪುಟದ ಮಿತಿಯನ್ನು ನಾನೇ ಮುರಿಯಬೇಕಾಯಿತು.

ಒಂದು ಹಾಳೆಗೆ ಐದು ನಿಮಿಷ ಹಿಡಿದರೂ ಅರವತ್ತು ಜನರಿಗೆ ಐದು ತಾಸು. ಹಾಗಾಗಿ ತರಗತಿಯನ್ನು ಮೂರು ಗುಂಪು ಮಾಡಿ, ವಾರಕ್ಕೊಂದು ಗುಂಪಿನ ಬರಹ ಪಡೆಯಿರಿ. ಸೆಮಿಸ್ಟರಿಗೆ ಎರಡು ಬರಹ ಸಾಕು. ಮೊದಲ ವರ್ಷ ನಾನು ಉತ್ಸಾಹದಲ್ಲಿ ಐದು ಬರಹ ಕೇಳಿದ್ದೆ. ದೀಪಾವಳಿ ರಜೆಯೆಲ್ಲ ಹಾಳೆಗಳ ನಡುವೆಯೇ ಕಳೆಯಿತು, ಅರ್ಧಕ್ಕರ್ಧ ಹಾಳೆಗಳು ತಿದ್ದದೆಯೇ ಉಳಿದವು.

ನಡುವೆ ಒಂದು ಪತ್ರ, ಕೊನೆಗೆ ಒಂದು ಮಾತುಕತೆ

ಎಂಟನೆಯ ವಾರದ ಹೊತ್ತಿಗೆ ಪ್ರತಿಯೊಬ್ಬರೂ ನಿಮಗೆ ಒಂದು ಪುಟದ ಪತ್ರ ಬರೆಯಲಿ: ಏನು ಕಲಿತೆ, ಎಲ್ಲಿ ಸಿಕ್ಕಿಬಿದ್ದೆ, ನಿಮ್ಮಿಂದ ಏನು ಬೇಕು. ನನಗೆ ಬಂದ ಪತ್ರಗಳಲ್ಲಿ ಅತಿ ಹೆಚ್ಚು ಕಾಣಿಸಿದ ದೂರು, ನಾನು ತುಂಬ ವೇಗವಾಗಿ ಮಾತನಾಡುತ್ತೇನೆ ಎಂಬುದು.

ಕೊನೆಯ ವಾರ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಅವರ ಬರಹಗಳ ಕಡತ ತೆರೆದು, ‘ನೀವೇ ಎಷ್ಟು ಕೊಟ್ಟುಕೊಳ್ಳುತ್ತೀರಿ? ಯಾವ ಪುಟ ನೋಡಿ ಹೇಳುತ್ತೀರಿ?’ ಎಂದು ಕೇಳಿ. ಎಲ್ಲರೂ ಪೂರ್ತಿ ಅಂಕ ಕೇಳುತ್ತಾರೆಂಬುದು ಸಹೋದ್ಯೋಗಿಗಳ ಭಯ. ನನ್ನ ಅನುಭವ ತಿರುಗುಮುರುಗು. ಹಳ್ಳಿಯಿಂದ ಬಂದ, ಚೆನ್ನಾಗಿ ಬರೆದ ಹುಡುಗಿಯರೇ ತಮಗೆ ಕಡಿಮೆ ಕೊಟ್ಟುಕೊಳ್ಳುತ್ತಾರೆ. ಮಾತಿನ ಮಲ್ಲರು ಮಾತ್ರ ಎರಡು ಅಂಕ ಹೆಚ್ಚೇ ಕೇಳುತ್ತಾರೆ. ಆದ್ದರಿಂದ ಮಾತನ್ನಲ್ಲ, ಕಡತವನ್ನು ನೋಡಿ. ಕೊನೆಯ ತೀರ್ಮಾನ ನಿಮ್ಮದೇ ಎಂದು ಮೊದಲ ವಾರವೇ ಹೇಳಿರಬೇಕು. ಅಧಿಕಾರವೇ ಇಲ್ಲವೆಂದು ನಟಿಸುವ ಮೇಷ್ಟರನ್ನು ವಿದ್ಯಾರ್ಥಿಗಳು ನಂಬುವುದಿಲ್ಲ.

ಎಂಬತ್ತು ಅಂಕದ ಪರೀಕ್ಷೆ ಇದ್ದೇ ಇದೆ. ನಿಗದಿತ ಹೊತ್ತಿನಲ್ಲಿ ಬರೆದು ಮುಗಿಸುವ ಅಭ್ಯಾಸಕ್ಕೆ ಎರಡು ದಿನ ತೆಗೆದಿಡಿ. ಇದನ್ನು ಮರೆತರೆ, ‘ಪರೀಕ್ಷೆಯಲ್ಲಿ ಅಂಕ ಏಕೆ ಕಡಿಮೆ?’ ಎಂದು ಪಾಲಕರು ಕೇಳುವ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಒಪ್ಪಿದ ಅಂಕವನ್ನು ಯುಯುಸಿಎಂಎಸ್‌ಗೆ, ಅಂದರೆ ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಏಕೀಕೃತ ಪೋರ್ಟಲ್‌ಗೆ ಏರಿಸಿ, ಬರಹ, ಟಿಪ್ಪಣಿ, ಪತ್ರಗಳನ್ನು ಒಟ್ಟಿಗೆ ಕಟ್ಟಿಡಿ. ಯಾರಾದರೂ ತಕರಾರು ತೆಗೆದರೆ ತೋರಿಸಲು ಬೇಕು. ನಮ್ಮ ವಿಭಾಗದ ಕಪಾಟಿನಲ್ಲಿ ಈಗ ಮೂರು ಸೆಮಿಸ್ಟರಿನ ಕಟ್ಟುಗಳಿವೆ. ಧಾರವಾಡದ ಮಳೆಗಾಲದಲ್ಲಿ ಅವುಗಳಿಗೆ ಗೆದ್ದಲು ಹತ್ತದಂತೆ ನೋಡಿಕೊಳ್ಳುವುದು ಬೇರೆಯದೇ ಕೆಲಸ.