ಫಿಬೊನಾಚಿ ಕೋಡ್: ಯಾವುದು ಬೇಗ ಎಂದು ಅಳೆಯುವುದು ಹೇಗೆ?

0, 1, 1, 2, 3, 5, 8... ಹಿಂದಿನ ಎರಡು ಸೇರಿದರೆ ಮುಂದಿನದು. ಲೆಕ್ಕ ಇಷ್ಟೇ. ಆದರೆ ‘ನನ್ನ ಪೈಥಾನ್ ಕೋಡ್ ಸಾವಿರ ಪಟ್ಟು ಫಾಸ್ಟ್’ ಎಂದು ಬರುವವರ ಕೋಡ್ ತೆರೆದು ನೋಡಿದರೆ, ಅವರು ಅಳೆದದ್ದೇ ಬೇರೆ ಏನನ್ನೋ!

ಮೊದಲು ಮೂರು ಫಂಕ್ಷನ್ ಬರೆದುಕೊಳ್ಳಿ: ಸಾದಾ ರಿಕರ್ಶನ್ (ತನ್ನನ್ನೇ ತಾನು ಕರೆಯುವ ಫಂಕ್ಷನ್), ಅದಕ್ಕೇ ಎಲ್‌ಆರ್‌ಯು ಕ್ಯಾಶ್ (ಒಮ್ಮೆ ಸಿಕ್ಕ ಉತ್ತರವನ್ನು ಬರೆದಿಟ್ಟುಕೊಳ್ಳುವ ಸೌಲಭ್ಯ) ಹಚ್ಚಿದ್ದು, ಎರಡೇ ವೇರಿಯೇಬಲ್‌ನ ಫಾರ್ ಲೂಪ್. ಮೂರೂ ಒಂದೇ ಉತ್ತರ ಕೊಡುತ್ತವಾ ನೋಡಿ.

ಸಾದಾ ರಿಕರ್ಶನ್‌ನ ಗುಣ ತಿಳಿಯಲು ಗಡಿಯಾರ ಬೇಡ. ಕೌಂಟರ್ ಇಟ್ಟು ಎಣಿಸಿ. 30ನೇ ಸಂಖ್ಯೆಗೆ ಅದು 26,92,537 ಸಲ ಕರೆಯಲ್ಪಡುತ್ತದೆ. 40ಕ್ಕೆ 33 ಕೋಟಿ ದಾಟುತ್ತದೆ. ಲೂಪ್‌ಗೆ 40 ಸುತ್ತು ಸಾಕು.

ಇನ್ನು ಸಮಯ ಅಳೆಯುವುದು. ಎಡವುವುದು ಇಲ್ಲೇ. ಪೈಥಾನ್‌ನಲ್ಲೇ ಇರುವ ಟೈಮ್‌ಇಟ್ ಎಂಬ ಅಳತೆ ಸಾಧನ ಬಳಸಿ. ಆದರೆ ನೀವು ಹೇಳದಿದ್ದರೆ ಅದು ಕೋಡನ್ನು 10 ಲಕ್ಷ ಸಲ ಓಡಿಸುತ್ತದೆ. ಸಾದಾ ರಿಕರ್ಶನ್ ಕೊಟ್ಟು ಕೂತರೆ ರಾತ್ರಿಯಾದೀತು. 10 ಸಲ ಸಾಕು ಎಂದು ಹೇಳಿಬಿಡಿ. ಕ್ಯಾಶ್‌ನದ್ದು ಇದರ ಉಲ್ಟಾ. ಮೊದಲ ಸಲ ಮಾತ್ರ ಲೆಕ್ಕ ನಡೆಯುತ್ತದೆ. ಉಳಿದ 9,99,999 ಸಲ ಸುಮ್ನೆ ಬರೆದಿಟ್ಟದ್ದನ್ನು ಓದುತ್ತದೆ. ‘ಸಾವಿರ ಪಟ್ಟು’ ಬಂದದ್ದು ಅಲ್ಲಿಂದಲೇ ಅಲ್ವಾ? ಹಾಗಾಗಿ ಪ್ರತಿ ಸುತ್ತಿಗೂ ಮುಂಚೆ ಕ್ಯಾಶ್ ಕ್ಲಿಯರ್ ಮಾಡಿ. ಖಾಲಿ ಕ್ಯಾಶ್ ಇಟ್ಟುಕೊಂಡು ಒಮ್ಮೆಲೇ 5000ನೇ ಸಂಖ್ಯೆ ಕೇಳಿದರೆ ರಿಕರ್ಶನ್ ಎರರ್ ಬರುತ್ತದೆ. ಒಂದರೊಳಗೊಂದು ಕರೆಗಳಿಗೆ ಪೈಥಾನ್‌ನ ಮಾಮೂಲಿ ಮಿತಿ 1000. ಮಿತಿ ಏರಿಸುವ ಚಾಳಿ ನನಗೆ ಹಿಡಿಸುವುದಿಲ್ಲ. ಲೂಪ್ ಬರೆಯಿರಿ.

ಅಳತೆಯನ್ನು ಐದು ಸಲ ಮಾಡಿ, ಸರಾಸರಿ ಬಿಟ್ಟು ಅತಿ ಕಡಿಮೆಯದನ್ನು ತೆಗೆದುಕೊಳ್ಳಿ. ಹಿಂದೆ ಓಡುತ್ತಿರುವ ಬ್ರೌಸರ್ ನಿಮ್ಮ ಕೋಡನ್ನು ತಡಮಾಡಬಹುದೇ ಹೊರತು ಬೇಗ ಮಾಡುವುದಿಲ್ಲ. ಪ್ರಿಂಟ್ ಅಂತೂ ಅಳತೆಯೊಳಗೆ ಬೇಡವೇ ಬೇಡ. ದೊಡ್ಡ ಸಂಖ್ಯೆಯನ್ನು ಅಂಕಿಗಳಾಗಿ ಬದಲಿಸುವುದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ. ಹೊಸ ಪೈಥಾನ್ 4300 ಅಂಕಿ ದಾಟಿದರೆ ಪ್ರಿಂಟ್ ಮಾಡಲು ಒಪ್ಪುವುದೇ ಇಲ್ಲ.

ಒಂದೇ ಸಂಖ್ಯೆ ನೋಡಿ ತೀರ್ಪು ಕೊಡಬೇಡಿ. ಲೂಪನ್ನು 10, 1000, 1 ಲಕ್ಷ, ಎಲ್ಲಕ್ಕೂ ಓಡಿಸಿ. 10 ಲಕ್ಷನೇ ಸಂಖ್ಯೆಗೆ 2,08,988 ಅಂಕಿಗಳಿವೆ. ಅಲ್ಲಿ ಲೂಪ್ ಕೂಡ ಏದುಸಿರು ಬಿಡುತ್ತದೆ. ಅಷ್ಟು ದೂರ ಹೋಗುವವರು ಫಾಸ್ಟ್ ಡಬ್ಲಿಂಗ್ (ಪ್ರತಿ ಹೆಜ್ಜೆಗೂ ಸ್ಥಾನವನ್ನು ಇಮ್ಮಡಿಸುತ್ತಾ ಜಿಗಿಯುವ ವಿಧಾನ) ಕಲಿಯಿರಿ, 20 ಹೆಜ್ಜೆಯಲ್ಲಿ ಮುಗಿಯುತ್ತದೆ. ಬೇಕಾದ ಸಂಖ್ಯೆಯನ್ನು ನೇರವಾಗಿ ಕೊಡುವ ವರ್ಗಮೂಲ 5ರ ಸೂತ್ರವನ್ನು ಫ್ಲೋಟ್‌ನಲ್ಲಿ (ಸೀಮಿತ ನಿಖರತೆಯ ದಶಮಾಂಶದಲ್ಲಿ) ಹಾಕಿ ‘ಒಂದೇ ಸಾಲು’ ಎಂದು ಬೀಗಬೇಡಿ. 70 ದಾಟುತ್ತಿದ್ದಂತೆ ಕೊನೆಯ ಅಂಕಿ ತಪ್ಪಲು ಶುರುವಾಗುತ್ತದೆ.