ಗಾಜಿನ ರಂಧ್ರದೊಳಗೆ ಪ್ಯಾರಸಿಟಮಾಲ್ ಹರಳು: ನಾನು ಮಾಡಿದ ರೀತಿ

ಪ್ಯಾರಸಿಟಮಾಲ್‌ಗೆ ಮುಖ್ಯವಾಗಿ ಮೂರು ಹರಳು ರೂಪಗಳಿವೆ, ಅಣು ಒಂದೇ, ಜೋಡಣೆ ಮಾತ್ರ ಬೇರೆ. ಮೊದಲನೆಯದು ಸ್ಥಿರ, 169 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ. ಎರಡನೆಯದನ್ನು ಒತ್ತಿ ಮಾತ್ರೆ ಮಾಡುವುದು ಸುಲಭ. ಮೂರನೆಯದು ಮಾತ್ರ ಕೈಗೆ ಸಿಗುವುದಿಲ್ಲ, ಸ್ವಲ್ಪ ಹೊತ್ತಿನಲ್ಲೇ ಎರಡನೆಯದಾಗಿ ಬದಲಾಗಿಬಿಡುತ್ತದೆ. ನನಗೆ ಬೇಕಿದ್ದದ್ದು ಆ ಮೂರನೆಯದೇ. ಅದಕ್ಕಾಗಿ ಹೆಚ್ಚುಕಡಿಮೆ ಒಂದೇ ಅಳತೆಯ ರಂಧ್ರಗಳಿರುವ ಗಾಜಿನ ಪುಡಿ ತಗೊಂಡೆ.

ಮೊದಲು ಗಾಜನ್ನು ವ್ಯಾಕ್ಯೂಮ್ ಓವನ್‌ನಲ್ಲಿ ಚೆನ್ನಾಗಿ ಒಣಗಿಸಬೇಕು, ಯಾಕೆಂದರೆ ರಂಧ್ರದ ಗೋಡೆಗೆ ಅಂಟಿದ ನೀರು ಸುಮ್ನೆ ಬಿಟ್ಟು ಹೋಗುವುದಿಲ್ಲ. ಆಮೇಲೆ ಪ್ಯಾರಸಿಟಮಾಲ್ ಬೆರೆಸಿ, ನೈಟ್ರೋಜನ್ ಅಡಿಯಲ್ಲಿ ಕರಗುವ ಬಿಂದುವಿಗಿಂತ ಸ್ವಲ್ಪ ಮೇಲೆ ಇಡುತ್ತೇನೆ. ಕರಗಿದ ದ್ರವ ತಾನಾಗಿಯೇ ರಂಧ್ರದೊಳಗೆ ಸೇರಿಕೊಳ್ಳುತ್ತದೆ. ಬಣ್ಣ ತಿರುಗಿದರೆ ಆ ಮಾದರಿ ಬೇಡ.

ಇಡೀ ಕೆಲಸ ನಿಂತಿರುವುದು ಎಷ್ಟು ತುಂಬುತ್ತೀರಿ ಅನ್ನುವುದರ ಮೇಲೆ. ರಂಧ್ರಗಳ ಒಟ್ಟು ಜಾಗಕ್ಕಿಂತ ಒಂದಿಷ್ಟು ಜಾಸ್ತಿ ಹಾಕಿದರೂ ಕಣದ ಹೊರಗೆ ತೆಳುವಾದ ಪದರ ಉಳಿಯುತ್ತದೆ, ಅಲ್ಲಿ ಹುಟ್ಟಿದ ಹರಳು ಒಳಗಿನದಕ್ಕೂ ಬೀಜವಾಗಿ ತನ್ನ ರೂಪವನ್ನೇ ಹರಡುತ್ತದೆ, ಆಗ ನೀವು ಅಳೆಯುವುದು ರಂಧ್ರದ ಪರಿಣಾಮವನ್ನಲ್ಲ, ಹೊರಗಿನ ಪದರವನ್ನು. ಹಾಗಾಗಿ ನಾನು ಮುಕ್ಕಾಲು ಭಾಗಕ್ಕೆ ನಿಲ್ಲಿಸುತ್ತೇನೆ. ಲೆಕ್ಕ ಹಾಕುವಾಗ ಹರಳಿನ ಸಾಂದ್ರತೆ ಬಳಸಬೇಡಿ, ದ್ರವ ಇನ್ನೂ ಹೆಚ್ಚು ಜಾಗ ತಿನ್ನುತ್ತದೆ.

ಹೊರಗೆ ಉಳಿದಿದೆಯೇ ಎಂದು ಡಿಎಸ್‌ಸಿ (ಮಾದರಿಯನ್ನು ಬಿಸಿ ಮಾಡುತ್ತಾ ಅದು ಹೀರುವ ಶಾಖವನ್ನು ಅಳೆಯುವ ಉಪಕರಣ) ಹೇಳಿಬಿಡುತ್ತದೆ. 169ರ ಬಳಿ ಚೂಪಾದ ಶಿಖರ ಕಂಡರೆ ಹೊರಗಿನ ಹರಳು ಇದೆ ಅಂತಲೇ ನಾನು ಲೆಕ್ಕ ಹಿಡಿಯುತ್ತೇನೆ. ಒಳಗಿನದು ಅದಕ್ಕಿಂತ ಕೆಳಗೆ, ಅಗಲವಾಗಿ ಕಾಣುತ್ತದೆ. ರಂಧ್ರ ಕಿರಿದಾದಷ್ಟೂ ಕರಗುವ ಬಿಂದು ಇಳಿಯುತ್ತದೆ, ಇಳಿಕೆ ವ್ಯಾಸಕ್ಕೆ ಸುಮಾರು ವಿಲೋಮವಾಗಿರುತ್ತದೆ. ಯಾವ ರೂಪ ಎನ್ನುವುದನ್ನು ಮಾತ್ರ ಎಕ್ಸ್‌ರೇಯಲ್ಲೇ ನೋಡಬೇಕು.

ಹತ್ತಾರು ನ್ಯಾನೋಮೀಟರ್ ಅಗಲದ ರಂಧ್ರಗಳಲ್ಲಿ ಮೂರನೆಯ ರೂಪ ಸಿಕ್ಕಿತು, ಸಿಕ್ಕಿದ್ದು ಹಾಗೇ ಉಳಿಯಿತು ಕೂಡ! 5 ನ್ಯಾನೋಮೀಟರ್ ಆಸುಪಾಸಿನಲ್ಲಿ ಹರಳೇ ಆಗಲಿಲ್ಲ. ಕಾರಣ ಸರಳ ಅಲ್ವಾ: ಹರಳು ಬೆಳೆಯಬೇಕಾದರೆ ಅಣುಗಳ ಮೊದಲ ಗುಂಪು ಒಂದು ಕನಿಷ್ಠ ಗಾತ್ರ ದಾಟಬೇಕು, ಇಲ್ಲದಿದ್ದರೆ ಮೇಲ್ಮೈಗೆ ತಗಲುವ ಶಕ್ತಿಯೇ ಜಾಸ್ತಿಯಾಗಿ ಅದು ಮತ್ತೆ ಚದುರಿಹೋಗುತ್ತದೆ. ಅಷ್ಟು ಕಿರಿದಾದ ಜಾಗದಲ್ಲಿ ಆ ಗಾತ್ರಕ್ಕೇ ಎಡೆಯಿಲ್ಲ. ಔಷಧ ಹರಳಿಲ್ಲದೆ ಉಳಿಯುತ್ತದೆ, ನೀರಿನಲ್ಲಿ ಬೇಗ ಕರಗುವುದೂ ಆ ಸ್ಥಿತಿಯೇ. ಕಷ್ಟದಿಂದ ಕರಗುವ ಔಷಧಗಳಿಗೆ ಈ ದಾರಿ ತುಂಬಾ ಮುಖ್ಯ ಅಂತ ನಾನು ನಂಬಿದ್ದೇನೆ.

ರಂಧ್ರದ ಗಾಜು ಇಲ್ಲದವರು ಸ್ಲೈಡ್ ಮತ್ತು ಕವರ್‌ಸ್ಲಿಪ್ ನಡುವೆ ಕರಗಿಸಿ, ತಣಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ. ಮೂರನೆಯ ರೂಪ ಅಲ್ಲೂ ಸಿಗುತ್ತದೆ, ಕವರ್‌ಸ್ಲಿಪ್ ಮಾತ್ರ ತೆಗೆಯಬೇಡಿ.