ಲೈವ್ ಸ್ಟ್ರೀಮಿಂಗಿಗೆ ಪಿಸಿ ಅಪ್‌ಗ್ರೇಡ್: ದುಡ್ಡು ಬಿಚ್ಚೋ ಮುಂಚೆ ಮೂರು ನಂಬರ್ ನೋಡಿ

ಕುಮಟಾದಲ್ಲಿರೋ ಅಕ್ಕನ ಮಗ ಹೋದ ಮಳೆಗಾಲದಲ್ಲಿ ಫೋನ್ ಮಾಡಿ, ಮಾವಾ ನಾ ಲೈವ್ ಹೋದ್ರೆ ಸಾಕು ವಿಡಿಯೋ ಕಡಿದು ಕಡಿದು ಬರ್ತದೆ, ಹೊಸಾ ಗ್ರಾಫಿಕ್ಸ್ ಕಾರ್ಡ್ ಬೇಕು, ಅಪ್ಪಂಗೆ ನೀವೇ ಒಂದು ಮಾತು ಹೇಳಿ ಅಂದ. ಅಪ್ಪ ಅಂದ್ರೆ ನಮ್ಮ ಭಾವ, ಅಡಿಕೆ ರೇಟು ನೋಡ್ಕೊಂಡೇ ಚಪ್ಪಲಿ ತಗೊಳ್ಳೋ ಮನುಷ್ಯ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಹೋಗಿ ನೋಡಿದ್ರೆ ಕಾರ್ಡಿಂದು ತಪ್ಪೇ ಇರ್ಲಿಲ್ಲ.

ಹಾಗಾಗಿ ಮೊದಲ ಕೆಲಸ ಅಂಗಡಿಗೆ ಹೋಗೋದಲ್ಲ, ಓಬಿಎಸ್ ಓಪನ್ ಮಾಡೋದು. ಅದು ಫ್ರೀ ಸಾಫ್ಟ್‌ವೇರು, ಹೆಚ್ಚಿನವರು ಸ್ಟ್ರೀಮಿಗೆ ಬಳಸೋದು ಅದನ್ನೇ. ಅದರ ಮೆನುವಲ್ಲಿ ಸ್ಟ್ಯಾಟ್ಸ್ ಅಂತ ಒಂದು ಕಿಟಕಿ ಉಂಟು, ಅದನ್ನ ತೆರೆದಿಟ್ಟು ಅರ್ಧ ಗಂಟೆ ಎಂದಿನ ಹಾಗೆ ಆಡಿ. ಅಲ್ಲಿ ಮೂರು ಲೆಕ್ಕ ಬರ್ತದೆ: ರೆಂಡರಿಂಗ್ ಲ್ಯಾಗಿಂದ, ಅಂದ್ರೆ ಕಾರ್ಡ್ ಚಿತ್ರ ಬರೆಯೋದು ತಡ ಆಗಿ ಹೋದ ಫ್ರೇಮು (ಫ್ರೇಮು ಅಂದ್ರೆ ವಿಡಿಯೋದ ಒಂದೊಂದು ಚಿತ್ರ), ಎನ್‌ಕೋಡಿಂಗ್ ಲ್ಯಾಗಿಂದ, ಅಂದ್ರೆ ವಿಡಿಯೋ ಒತ್ತಿ ಸಣ್ಣ ಮಾಡೋದು ತಡ ಆಗಿ ಹೋದ ಫ್ರೇಮು, ನೆಟ್‌ವರ್ಕಿಂದ ಬಿದ್ದ ಫ್ರೇಮು. ಯಾವ ನಂಬರ್ ಏರ್ತದೋ ರೋಗ ಅಲ್ಲಿದೆ, ಮೂರಕ್ಕೂ ಮದ್ದು ಬೇರೆ ಬೇರೆ.

ನಮ್ಮ ಮಾಣಿದು ನೆಟ್‌ವರ್ಕ್ ನಂಬರ್ ಏರ್ತಾ ಇತ್ತು. ರೂಟರ್ ಜಗಲಿಯಲ್ಲಿ, ಪಿಸಿ ಒಳಕೋಣೆಯಲ್ಲಿ, ನಡುವೆ ಎರಡು ಕಲ್ಲಿನ ಗೋಡೆ, ವೈಫೈ ಎಲ್ಲಿಂದ ಬರಬೇಕು ಮಾರಾಯ್ರೆ! ಒಂದು ಲ್ಯಾನ್ ಕೇಬಲ್ ಎಳೆದ್ವಿ, ಅರ್ಧ ಸಮಸ್ಯೆ ಅವತ್ತೇ ಹೋಯ್ತು. ಇನ್ನೊಂದು ವಿಷಯ, ಸ್ಪೀಡ್ ಟೆಸ್ಟಲ್ಲಿ ಎಲ್ಲರೂ ಡೌನ್‌ಲೋಡ್ ನೋಡಿ ಖುಷಿ ಪಡ್ತಾರೆ, ಸ್ಟ್ರೀಮಿಗೆ ಬೇಕಾದ್ದು ಅಪ್‌ಲೋಡ್, ಅದೂ ರಾತ್ರಿ ಎಂಟರ ಮೇಲೆ ಊರೆಲ್ಲ ಮೊಬೈಲ್ ಹಿಡ್ಕೊಂಡಾಗ ಎಷ್ಟು ಸಿಗ್ತದೆ ಅನ್ನೋದು. ಸಿಕ್ಕಿದ್ದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಬಿಟ್‌ರೇಟ್ (ಸೆಕೆಂಡಿಗೆ ಕಳಿಸೋ ಡೇಟಾ) ಇಡಬೇಡಿ. 6000 ಕೆಬಿಪಿಎಸ್ ಇಟ್ರೆ ಗಂಟೆಗೆ ಹತ್ತಿರ ಹತ್ತಿರ 2.7 ಜಿಬಿ ಹೋಗ್ತದೆ, ಮೊಬೈಲ್ ಹಾಟ್‌ಸ್ಪಾಟಲ್ಲಿ ಸ್ಟ್ರೀಮ್ ಮಾಡೋರು ಇದನ್ನ ನೆನಪಿಡಿ. ಲೈನೇ ಸಣ್ಣದಾದ್ರೆ ವಿಡಿಯೋ ರೆಸಲ್ಯೂಶನ್ 1080 ಬಿಟ್ಟು 720ಕ್ಕೆ ಇಳೀರಿ, ಎಂತದೂ ಅವಮಾನ ಇಲ್ಲ, ನೋಡೋರು ಹೆಚ್ಚಿನವರು ಮೊಬೈಲಲ್ಲೇ ನೋಡೋದು.

ಇವನದ್ದು ಎರಡನೇ ನಂಬರೂ ಏರ್ತಿತ್ತು, ಎನ್‌ಕೋಡಿಂಗಿಂದು. ಔಟ್‌ಪುಟ್ ಸೆಟ್ಟಿಂಗಲ್ಲಿ ಎಕ್ಸ್264 ಅಂತ ಇತ್ತು, ಅಂದ್ರೆ ವಿಡಿಯೋ ಒತ್ತಿ ಸಣ್ಣ ಮಾಡೋ ಕೆಲಸ ಪೂರ್ತಿ ಪ್ರೊಸೆಸರ್ ತಲೆ ಮೇಲೆ, ಅದೇ ಪ್ರೊಸೆಸರ್ ಗೇಮೂ ಓಡಿಸಬೇಕು, ಇವನ ಹತ್ರ ಇದ್ದಿದ್ದು ನಾಲ್ಕೇ ಕೋರಿನ ರೈಝನ್ 3 1200. ಅವನ ಹಳೇ 1050 ಟಿಐ ಕಾರ್ಡಲ್ಲೇ ಈ ಕೆಲಸಕ್ಕೆ ಅಂತ ಬೇರೆ ಚಿಪ್ ಭಾಗ ಇದೆ, ಎನ್‌ವೆಂಕ್ ಅಂತಾರೆ, ಎನ್‌ಕೋಡರ್ ಜಾಗದಲ್ಲಿ ಅದನ್ನ ಆರಿಸಿದ್ವಿ, ಕೀಫ್ರೇಮ್ (ನಡುನಡುವೆ ಕಳಿಸೋ ಪೂರ್ತಿ ಚಿತ್ರ) 2 ಸೆಕೆಂಡಿಗೆ ಒಂದು ಅಂತ ಇಟ್ವಿ, ಅಷ್ಟೇ. ಹೆಚ್ಚಿನ ಎಎಮ್‌ಡಿ ಕಾರ್ಡಲ್ಲಿ ಅದರದ್ದೇ ಎನ್‌ಕೋಡರ್, ಇಂಟೆಲ್ ಇನ್‌ಬಿಲ್ಟ್ ಗ್ರಾಫಿಕ್ಸ್ ಇದ್ರೆ ಕ್ವಿಕ್‌ಸಿಂಕ್ ಸಿಗ್ತದೆ.

ಮೊದಲನೇ ನಂಬರ್, ರೆಂಡರಿಂಗಿಂದು ಏರಿದ್ರೆ ಮಾತ್ರ ಕಾರ್ಡಿನ ಮೇಲೆ ಅನುಮಾನ ಪಡಿ. ಆಗಲೂ ಮೊದಲು ಗೇಮಲ್ಲಿ ಎಫ್‌ಪಿಎಸ್ ಕ್ಯಾಪ್ (ಸೆಕೆಂಡಿಗೆ ಇಷ್ಟೇ ಫ್ರೇಮು ಅನ್ನೋ ಮಿತಿ) ಹಾಕಿ, ಓಬಿಎಸ್ಸನ್ನ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಕೊಟ್ಟು ಓಪನ್ ಮಾಡಿ. ಗೇಮು ಕಾರ್ಡನ್ನ ನೂರಕ್ಕೆ ನೂರು ತಿಂದ್ರೆ ಓಬಿಎಸ್ಸಿಗೆ ಉಸಿರಾಡೋಕೆ ಜಾಗ ಇರೋದಿಲ್ಲ.

ಇಷ್ಟೂ ಮಾಡಿ ಸರಿ ಆಗ್ಲಿಲ್ವಾ, ಆಗ ದುಡ್ಡಿನ ಮಾತು. ಸೆಕೆಂಡ್ ಹ್ಯಾಂಡ್ ಕಾರ್ಡ್ ತಗೊಳ್ಳೋರು ಹುಷಾರು: ಜಿಟಿ 1030ರಲ್ಲಿ ಎನ್‌ಕೋಡರೇ ಇಲ್ಲ, ಎಎಮ್‌ಡಿಯ ಆರ್‌ಎಕ್ಸ್ 6500 ಎಕ್ಸ್‌ಟಿಯಲ್ಲೂ ಇಲ್ಲ, ಗೇಮ್ ಓಡ್ತದೆ ಅಂತ ತಗೊಂಡು ಬಂದು ಆಮೇಲೆ ತಲೆ ಮೇಲೆ ಕೈ ಇಟ್ಕೊಂಡು ಕೂತವರನ್ನ ನೋಡಿದ್ದೇನೆ. ಜಿಟಿಎಕ್ಸ್ 1660 ಅಥವಾ ಆರ್‌ಟಿಎಕ್ಸ್ 2060ರಿಂದ ಮೇಲೆ ಹೋದ್ರೆ ಎನ್‌ವೆಂಕ್ ಚಿತ್ರ ಚೊಕ್ಕ ಬರ್ತದೆ. 8 ಜಿಬಿ ರ‍್ಯಾಮ್ ಇದ್ರೆ 16 ಮಾಡಿ, ಒಂದೇ ಕಡ್ಡಿ ಬೇಡ, ಎಂಟೆಂಟರ ಎರಡು ಹಾಕಿ.

ಪ್ರೊಸೆಸರ್ ವಿಷಯಕ್ಕೆ ಬಂದ್ರೆ, ಎಎಮ್‌ಡಿ ಪ್ರೊಸೆಸರಿನ ಬಿ450 ಮದರ್‌ಬೋರ್ಡ್ ಇರೋರು ಪುಣ್ಯವಂತರು. ಬಯೋಸ್ (ಬೋರ್ಡಿನೊಳಗೇ ಇರೋ ಸಾಫ್ಟ್‌ವೇರು) ಅಪ್‌ಡೇಟ್ ಮಾಡಿದ್ರೆ ಆರು ಕೋರಿನ ರೈಝನ್ 5 5600 ಅದೇ ಬೋರ್ಡಲ್ಲೇ ಕೂರ್ತದೆ, ವಿಂಡೋಸ್ 11ಕ್ಕೂ ಅಡ್ಡಿಲ್ಲ. ಆದ್ರೆ ಬಯೋಸ್ ಅಪ್‌ಡೇಟನ್ನ ಹಳೇ ಪ್ರೊಸೆಸರ್ ತೆಗೆಯೋ ಮುಂಚೆನೇ ಮಾಡಬೇಕು, ಮತ್ತೆ ಯುಪಿಎಸ್ ಇಲ್ದೇ ಮಾಡಲೇಬೇಡಿ. ಜೂನ್ ಜುಲೈನಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗ್ತದೆ ಅಂತ ಮರಕ್ಕೂ ಗೊತ್ತಿರೋದಿಲ್ಲ, ಅರ್ಧಕ್ಕೆ ನಿಂತ್ರೆ ಬೋರ್ಡೇ ಹೆಣ. ನಾವು ಇದನ್ನ ಚೌತಿ ಮುಗಿದ ಮೇಲೆ, ಬಿಸಿಲು ಬಿದ್ದ ದಿನ ನೋಡ್ಕೊಂಡು ಮಾಡಿದ್ವಿ.

ಇಂಟೆಲ್ 4ನೇ ಜನರೇಶನ್, ಡಿಡಿಆರ್3 ರ‍್ಯಾಮಿನ ಪಿಸಿ ಇದ್ರೆ ಅದಕ್ಕೆ ದುಡ್ಡು ಸುರೀಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 11ರ ಲಿಸ್ಟಲ್ಲಿ ಆ ಪ್ರೊಸೆಸರ್ ಇಲ್ಲ. ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಒಟ್ಟಿಗೆ ಬದಲಾಯಿಸಿ. ಕ್ಯಾಬಿನೆಟ್ಟು, ಎಸ್‌ಎಸ್‌ಡಿ ಹಳೇದೇ ಸಾಕು. ಪವರ್ ಸಪ್ಲೈ ಮಾತ್ರ ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದಿದ್ದಾದ್ರೆ ಎಸೀರಿ, 80 ಪ್ಲಸ್ ಅನ್ನೋ ದಕ್ಷತೆಯ ಗುರುತಿಂದು ತಗೊಳ್ಳಿ.

ಇನ್ನು ಕರಾವಳಿಯವರಿಗೆ ಅಂತಲೇ ಇರೋ ಕಾಟ. ಕಾರವಾರದ ಉಪ್ಪುಗಾಳಿಗೆ ಸ್ಕ್ರೂ ತುಕ್ಕು ಹಿಡೀತದೆ, ರ‍್ಯಾಮಿನ ಹಲ್ಲು ಮಂಕಾಗ್ತದೆ, ಪಿಸಿ ಆನ್ ಆಗ್ದಿದ್ರೆ ರ‍್ಯಾಮ್ ತೆಗೆದು ಪೆನ್ಸಿಲ್ ರಬ್ಬರಲ್ಲಿ ಉಜ್ಜಿ ನೋಡಿ. ಮಳೆಗಾಲದಲ್ಲಿ ವಾರಗಟ್ಟಲೆ ಆಫ್ ಇಡಬೇಡಿ, ದಿನಾ ಸ್ವಲ್ಪ ಹೊತ್ತು ಆನ್ ಮಾಡಿದ್ರೆ ಬಿಸಿಗೆ ತೇವ ಆರ್ತದೆ. ಗುಡುಗು ಶುರು ಆದ್ರೆ ಪ್ಲಗ್ ಜೊತೆ ಲ್ಯಾನ್ ಕೇಬಲ್ಲನ್ನೂ ಕೀಳಿ, ಇದನ್ನ ಎಲ್ಲರೂ ಮರೀತಾರೆ. ಯುಪಿಎಸ್ 600 ವಿಎ ಅಂದ್ರೆ ಸುಮಾರು 360 ವ್ಯಾಟ್ ಅಷ್ಟೇ, ಗೇಮ್ ಓಡ್ತಾ ಇರುವಾಗ ಕೂಗ್ಕೊಳ್ತದೆ, 1000 ವಿಎ ಮೇಲೇ ನೋಡಿ. ರೂಟರಿಗೂ ಒಂದು ಪುಟ್ಟ ಯುಪಿಎಸ್ ಬೇಕು, ಪಿಸಿ ಉಳಿದು ನೆಟ್ ಹೋದ್ರೆ ಎಂತಕ್ಕೆ ಬಂತು.

ಎಲ್ಲ ಆದ್ಮೇಲೆ ಯೂಟ್ಯೂಬಲ್ಲಿ ಅನ್‌ಲಿಸ್ಟೆಡ್ ಇಟ್ಟು ಒಂದು ಗಂಟೆ ಟ್ರಯಲ್ ಸ್ಟ್ರೀಮ್ ಮಾಡಿ, ಮೂರು ನಂಬರ್ ಮತ್ತೆ ನೋಡಿ. ನಮ್ಮ ಮಾಣಿ ಟ್ರಯಲ್ಲಿಗೆ ಲಿಂಕ್ ಕಳಿಸಿದ್ದು ಅಪ್ಪಂಗೆ. ಭಾವ ಹತ್ತು ನಿಮಿಷ ನೋಡಿ, ಚಿತ್ರ ಅಡ್ಡಿಲ್ಲ, ನೀ ಇಷ್ಟು ಕೂಗೋದು ಎಂತಕ್ಕೆ ಅಂತ ಕೇಳಿದ್ರಂತೆ.